ದೇವರ ಜಗಲಿಯೇರಿದ ಚೀನೀ ಚೀಟಿಗಳು

ಮಗಳು ಐಶ್ವರ್ಯ ಚೀನಾದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ ಎಂದು ಮಕ್ತಲ್ ಬಜಾರಿನಲ್ಲಿ ಹೇಳಿಕೊಳ್ಳುವುದು ನನಗೆ ಬಲು ಹೆಮ್ಮೆಯ ಸಂಗತಿಯಾಗಿತ್ತು. ಅವಳು ರಜೆಗೆ ಬಂದು ಮನೆತುಂಬ ಚೀಟಿ ಅಂಟಿಸುವವರೆಗೆ.

ಕೊಡಕ್ಕೊಂದು ಚೀಟಿ, ಕನ್ನಡಿಗೊಂದು, ಕಸಬರಿಗೆಗೊಂದು. ಒಂದೊಂದರ ಮೇಲೂ ಆಯಾ ಸಾಮಾನಿಗೆ ಹೊಂದುವ, ಕೋಳಿ ಕೆದರಿದಂಥ ಒಂದು ಚೀನೀ ಅಕ್ಷರ. "ಸಾಮಾನು ಕಂಡಾಗೆಲ್ಲ ಅಕ್ಷರ ಕಾಣಬೇಕವ್ವಾ. ಜಾಗದ ಜೋಡಿ ನೆನಪು ಉಳೀತೈತಿ" ಎಂದಳು. ಉಳಿಯಲಿ, ಬೇಡ ಎಂದವರಾರು? ಆದರೆ ಒಗ್ಗರಣೆ ಡಬ್ಬಿಯ ಮುಚ್ಚಳದ ಚೀಟಿ ಬೇಳೆ ಸಾರಿನಲ್ಲಿ ತೇಲಿದರೆ ಉಣ್ಣುವವರು ಯಾರು?

ಸಹಿಸಿಕೊಂಡೆ. ಯಾಕೆಂದರೆ ಬರುವ ತಿಂಗಳು ಅವಳಿಗೆ ಚೀನೀ ಭಾಷೆಯ ಪರೀಕ್ಷೆ. ಪಾಠವೇನೋ ಇಂಗ್ಲಿಷಿನಲ್ಲೇ ನಡೆಯುತ್ತದೆ, ರೋಗಿಗಳು ಮಾತ್ರ ಚೀನೀ ಬಿಟ್ಟು ಬೇರೆ ಆಡುವುದಿಲ್ಲ. ಆ ಪರೀಕ್ಷೆ ಪಾಸಾಗದವರನ್ನು ವಾರ್ಡಿನ ಕೆಲಸಕ್ಕೆ ಬಿಡುವುದಿಲ್ಲವಂತೆ. ಒಮ್ಮೆ ಕೂತು ನಪಾಸಾಗಿದ್ದಾಳೆ. ಈ ಸಲವೂ ಹೋದರೆ ಡಾಕ್ಟರಿಕೆ ಅರ್ಧಕ್ಕೇ ನಿಂತ ಹಾಗೆ.

ಅವಳ ಕಾಟ ಸಾಲದೆಂದು ನಮ್ಮ ಅತ್ತೆ ಅಮರಮ್ಮನವರದು ಶುರುವಾಯಿತು. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜೀವ ಅದು. ಪಾಯಖಾನೆ ಬಾಗಿಲಿಗೆ ಅಕ್ಷರ ಅಂಟಿಸಿದ್ದು ಕಂಡು ಎದೆ ಬಡಿದುಕೊಂಡರು.

"ಯಾ ದೇಶದ್ದಾದ್ರೇನು, ಅಕ್ಷರ ಅಂದ್ರ ಸರಸ್ವತಿ. ಕಸಬರಿಗಿಗಿ ಹಚ್ತೀಯೇನ? ಚಪ್ಪಲಿಗಿ ಹಚ್ತೀಯೇನ?"

ಬೈದು ಸುಮ್ಮನಾಗಿದ್ದರೆ ಆಗುತ್ತಿತ್ತು. ಮೈಲಿಗೆ ಜಾಗದ ಚೀಟಿಗಳನ್ನೆಲ್ಲ ಕಿತ್ತು ತಂದು, ದೇವರ ಜಗಲಿಯ ಹಿಂದಿನ ಗೋಡೆಗೆ ಸಾಲಾಗಿ ಅಂಟಿಸಿ, ಒಂದೊಂದಕ್ಕೂ ವಿಭೂತಿ ಹಚ್ಚಿದರು. ಹುಡುಗಿಯ ತಲೆಯಲ್ಲಿ ಎಲ್ಲ ಕಲಸುಮೇಲೋಗರವಾಯಿತು. ಕಸಬರಿಗೆಯ ಅಕ್ಷರ ತೋರಿಸಿದರೆ ಗಂಟೆ ಅನ್ನುತ್ತಾಳೆ, ಚಪ್ಪಲಿಯದು ತೋರಿಸಿದರೆ ಊದುಬತ್ತಿ ಅನ್ನುತ್ತಾಳೆ. ನಾನು ಹಣೆ ಚಚ್ಚಿಕೊಂಡೆ.

ಇಂಥ ಹೊತ್ತಿಗೆ ಗದ್ವಾಲಿನಿಂದ ನನ್ನ ನಾದಿನಿ ಮಹಾಂತಮ್ಮ ಬಂದಿಳಿದಳು. ಬಂದವಳೇ ಕೈಕಾಲು ತೊಳೆದು ಜಗಲಿ ಮುಂದೆ ನಿಂತಳು. ವಿಭೂತಿ ಹಚ್ಚಿದ ಚೀಟಿಗೆ ಹಣೆ ತಾಗಿಸಿ ಭಕ್ತಿಯಿಂದ ನಮಸ್ಕರಿಸಿದಳು.

"ಭಾಳ ಛಲೋ ಮಾಡೀರಿ. ಇದು ಯಾ ಮಂತ್ರನ ಐಶೂ?"

"ಭೇದಿ, ಅತ್ತೀ" ಎಂದಳು ನನ್ನ ಮಗಳು.

ಮಹಾಂತಮ್ಮ ಚಹಾ ಕೂಡ ಕುಡಿಯದೆ ನನ್ನ ಗಂಡನ ಅಂಗಡಿಗೆ ಹೋಗಿಬಿಟ್ಟಳು. ಅತ್ತೆ ಜಗಲಿ ತೊಳೆಯಲು ನಿಂತರು, ಬೈಗುಳವೂ ನೀರಿನ ಜೊತೆಗೇ ಹರಿಯಿತು. ನನ್ನ ತಾಳ್ಮೆಯೂ ಹರಿಯಿತು. ಉಳಿದ ಚೀಟಿಗಳನ್ನೆಲ್ಲ ಪರಪರ ಕಿತ್ತು ಮಗಳ ಮುಂದೆ ಒಗೆದೆ.

"ಸಾಕು ಮಾಡ! ಪುಸ್ತಕ ಹಿಡಕಂಡು ಓದಾಕ ಏನ ದಾಡಿ ನಿನಗ? ಹತ್ತನೇತ್ಯಾಗ ಮಂಡಲಕ್ಕ ಫಸ್ಟ್ ಬಂದಾಕಿ ನೀನ. ನಾಕು ಅಕ್ಷರ ನೆನಪು ಇಟ್ಟಗಣಾಕ ಮನಿ ಎಲ್ಲ ರಾಡಿ ಎಬ್ಬಿಸಬೇಕೇನು?"

"ಅಕ್ಷರ ಹ್ಯಾಂಗಾದ್ರೂ ಬರ್ತಾವವ್ವಾ, ಮಾತು ತಿಳಿಯಂಗಿಲ್ಲ!" ಎಂದು ಅವಳೂ ಕಿರುಚಿದಳು. ಆಮೇಲೆ ದನಿ ಇಳಿಯಿತು. "ಹೋದ ವರ್ಷ ನಮ್ಮನ್ನ ವಾರ್ಡ್ ನೋಡಾಕ ಕರಕಂಡು ಹೋಗಿದ್ರು. ಒಬ್ಬಾಕಿ ಮುದುಕಿ ನನ್ನ ಕೈ ಹಿಡಕಂಡು ಏನೋ ಕೇಳಿದ್ಲು. ಮತ್ತ ಮತ್ತ ಅದನ್ನ ಕೇಳಿದ್ಲು. ತಿಳೀಲಿಲ್ಲ. ನಕ್ಕು ತಲಿ ಆಡಿಸಿ ಬಂದುಬಿಟ್ಟೆ. ನೀರು ಕೇಳ್ಯಾಳಂತ ಆಮ್ಯಾಗ ನರ್ಸ್ ಹೇಳಿದ್ಲು. ನೀರು ಅನ್ನೋದು ನಾ ಮೊದಲನೇ ಪಾಠದಾಗ ಕಲಿತದ್ದವ್ವಾ. ನಿದ್ದಿಗಣ್ಣಾಗ ಬರಿಯಂದ್ರ ಬರೀತೀನಿ. ಆಕಿ ಬಾಯಾಗ ಅದು ನನಗ ಗೊತ್ತಾಗಲಿಲ್ಲ."

ಕಿತ್ತು ಒಗೆದಿದ್ದ ಚೀಟಿಗಳನ್ನು ಬಗ್ಗಿ ಆಯತೊಡಗಿದೆ. ಮಗಳ ಮೇಲೆ ಸಿಟ್ಟು ಬಂದಷ್ಟೇ ಮರುಕವೂ ಬಂತು. ಇದನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಪೆದ್ದಿಯಂತೆ ಮನೆಗೆಲ್ಲ ಚೀಟಿ ಅಂಟಿಸುತ್ತ ಕೂತಿದ್ದಳಲ್ಲ!

ಅತ್ತೆ ಕೈಯಲ್ಲಿನ ಚೊಂಬು ಕೆಳಗಿಟ್ಟರು. ಒದ್ದೆ ಸೆರಗು ಹಿಂಡಿಕೊಂಡು ಮೊಮ್ಮಗಳ ಎದುರಿಗೆ ಬಂದು ಕೂತರು.

"ಆ ಮುದುಕಿಗಿ ಹಲ್ಲಿದ್ದುವೇನ?"

"ಇರಲಿಲ್ಲ."

"ನನಗೂ ಇಲ್ಲ. ನೀರಿಗಿ ಏನಂತಾರ ಹೇಳ."

"ಶ್ವೇಯ್."

ಅತ್ತೆ ಹೇಳಿ ನೋಡಿದರು. ಐಶ್ವರ್ಯ ಎಳೆದು ಕೊಂಕಿಸಿ ಹೇಳಿಕೊಟ್ಟಳು, ಇವರು ಮತ್ತೆ ಹೇಳಿದರು. ನೋವು, ಉರಿ, ವಾಂತಿ, ಕೊನೆಗೆ ಭೇದಿಯನ್ನೂ ಬಿಡದೆ ಹೇಳಿಸಿಕೊಂಡರು. ಬೊಚ್ಚು ಬಾಯಿಯಿಂದ ಒಂದೊಂದೂ ಗಾಳಿಯಾಗಿ ಹೊರಬರುತ್ತಿತ್ತು. ಇಷ್ಟಾದ ಮೇಲೆ ಚಾಪೆ ಹಾಸು ಎಂದರು. ಹಾಸಿದೆ. ಗೋಡೆ ಕಡೆ ಮುಖ ಮಾಡಿ ಮಲಗಿ, ಮುಸುಕೆಳೆದುಕೊಂಡು ನರಳತೊಡಗಿದರು. ಇದೇನು ಹೊಸ ನಾಟಕವೆಂದು ನನಗೆ ಮತ್ತೆ ರೇಗಿತು.

ಐಶ್ವರ್ಯ ಚಾಪೆ ಪಕ್ಕ ಮೊಣಕಾಲೂರಿ ಬಗ್ಗಿದಳು. ಮುಸುಕಿನೊಳಗಿಂದ ನರಳಾಟದ ನಡುವೆ ಏನೋ ಒಂದು ಬಂತು. ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಬಂತು, ಇನ್ನೂ ಸೋತ ದನಿಯಲ್ಲಿ. ಅವಳು ಕಿವಿಯನ್ನು ಅಜ್ಜಿಯ ಬಾಯಿಗೇ ತಂದಿಟ್ಟಳು.

"ನೀರು! ಅಜ್ಜೀ, ನೀರು ಅಂದಿ! ತಿಳೀತು ನನಗ!" ಎಂದು ಚಪ್ಪಾಳೆ ತಟ್ಟಿದಳು.

ಅತ್ತೆ ಮುಸುಕು ತೆಗೆಯಲಿಲ್ಲ.

"ತಿಳಿದ್ರ ನೀರಡಿಕಿ ಹೋತೇನ? ಏಳ, ತಗಂಡು ಬಾ."