ಮೊದಲ ಚಮಚ ತುಪ್ಪ

ಕಮಲಾಪುರದ ಶಿವಕಾಂತಮ್ಮನ ಕಡಾಯಿ ಎಷ್ಟು ದೊಡ್ಡದೆಂದರೆ, ಗಬ್ಬದ ಎಮ್ಮೆ ಅದರಲ್ಲಿ ಬಿದ್ದರೆ ಈಜಿ ದಡ ಸೇರುವಷ್ಟರಲ್ಲಿ ಕರು ಹಾಕಿರುತ್ತದೆ. ಅದರಲ್ಲಿ ಅವಳು ಕೆಂಪು ಬಾಳೆಯ ಚಿಪ್ಸ್ ಕರಿಯುತ್ತಿದ್ದಳು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅದನ್ನು ಮಾರುತ್ತಿದ್ದವಳು ಬ್ರಹ್ಮಪುರದ ಚಂದ್ರಾಬಾಯಿ. ರುಚಿ ನೋಡಿದ ಮುಂಬೈ ವ್ಯಾಪಾರಿಯೊಬ್ಬ ಹೊರದೇಶಕ್ಕೆ ಕಳಿಸುತ್ತೇನೆ ಎಂದ. ಆದರೆ ಪೊಟ್ಟಣದ ಮೇಲೆ ಯೆಹೂದಿಗಳ ಊಟದ ನಿಯಮಕ್ಕೆ ಒಪ್ಪುವ ಕೋಷರ್ ಮುದ್ರೆ ಬೇಕು, ಅದೂ ಹಾಲು, ಮಾಂಸ ಎರಡೂ ಸೋಕಿಲ್ಲ ಎನ್ನುವ ಮುದ್ರೆ. ತನ್ನ ಚಿಪ್ಸ್ ಸಮುದ್ರ ದಾಟಬೇಕೆಂದು ಶಿವಕಾಂತಮ್ಮನಿಗೆ ಒಂದೇ ಹಟ.

ಮುದ್ರೆ ಕೊಡುವ ಆಫೀಸಿನಿಂದ ತಪಾಸಣೆಗೆ ಬಂದ ಪೇಣಕರ್ ಮುಂಬೈಯ ಯೆಹೂದಿ. ಅವನ ಮರಾಠಿಯನ್ನು ಚಂದ್ರಾಬಾಯಿ ಕನ್ನಡಕ್ಕೆ ತರುತ್ತಿದ್ದಳು. ಅವನು ಎಣ್ಣೆ ಡಬ್ಬಿಯ ಚೀಟಿ ಓದಿದ, ಉಪ್ಪು ಜರಡಿ ಹಿಡಿಸಿದ, ಬ್ಯಾಟರಿ ಬೆಳಕು ಬಿಟ್ಟು ಮೂಲೆಮೂಲೆ ನೋಡಿದ. ಆ ಬೆಳಕಿಗೆ ಗೋಡೆಯ ಹಲ್ಲಿಯೂ ತಾನು ಶಾಕಾಹಾರಿ ಎಂದು ಆಣೆ ಮಾಡುವಂತಿತ್ತು. ಎಲ್ಲ ಸರಿಯಿತ್ತು.

ಆಗ ಶಿವಕಾಂತಮ್ಮ ಒಲೆ ಹಚ್ಚಿ, ಕಾದ ಎಣ್ಣೆಗೆ ಒಂದು ಚಮಚ ತುಪ್ಪ ಬಿಟ್ಟು ಕೈ ಮುಗಿದಳು. ಪೇಣಕರನ ಪೆನ್ನು ನಿಂತಿತು.

"ಇದೇನಂತ ಕೇಳಾಕತ್ತಾರ," ಎಂದಳು ಚಂದ್ರಾಬಾಯಿ.

"ಮೊದಲ ಪಾಲು ಒಲಿಗಿರಿ. ನಮ್ಮತ್ತಿ ಕಾಲದಿಂದ ತಪ್ಪಿಲ್ಲ."

"ತುಪ್ಪ ಅಂದ್ರ ಹಾಲಂತ. ಈಗ ಕಡಾಯಿನೂ ಹಾಲಿಂದಾತಂತ. ಅವರು ಹಾಲು, ಮಾಂಸ ಕೂಡಿಸಿ ಉಣ್ಣಂಗಿಲ್ಲ. ಹಾಲಿನ ಮುದ್ರಿ ಕೊಡಬಹುದಂತ, ಆದ್ರ ವ್ಯಾಪಾರಿ ಕೇಳಿದ್ದು ಅದಲ್ಲ. ಅದೂ ಇವರ ಆಫೀಸಿಗೆ ಡೈರಿ ಹಾಲು ನಡೀತದ. ಬ್ಯಾರೆ ಆಫೀಸಿನವರು ಹಾಲು ಹಿಂಡೋ ಮುಂದ ತಮ್ಮ ಮನಷಾ ನಿಂತು ನೋಡಬೇಕಂತಾರಂತ."

"ಧರ್ಮ ಒಂದು, ಕಾಯ್ದೆ ಎರಡಾ? ಛಲೋ ಆತು!"

"ಯಾಕವ್ವ, ನಮ್ಮನ್ಯಾಗ ರೇಷ್ಮಿ ಉಟ್ರ ಮಡಿ. ನಮ್ಮಕ್ಕಗ ಒದ್ದಿ ಸೀರಿನೇ ಆಗಬೇಕು. ಇಬ್ಬರದೂ ಒಂದೇ ಮಠ. ನನ್ನ ಹೋಳಗಿ ಆಕಿ ಮುಟ್ಟಂಗಿಲ್ಲ, ಆದ್ರ ಮಕ್ಕಳಿಗೆ ಡಬ್ಬಿ ತುಂಬಿ ಕಳಸು ಅಂತಾಳ!"

ಪೇಣಕರ್ ಪರಿಹಾರ ಹೇಳಿದ. ಕಡಾಯಿ ತಿಕ್ಕಿ, ಒಂದು ಹಗಲು ಒಂದು ರಾತ್ರಿ ಸುಮ್ಮನೆ ಬಿಡಬೇಕು. ಆಮೇಲೆ ಅಂಚು ಮೀರಿ ಚೆಲ್ಲುವಂತೆ ನೀರು ಕುದಿಸಬೇಕು. ಮುಂದೆ ತುಪ್ಪ ಕೂಡದು.

ಮರುದಿನ ನೀರು ಉಕ್ಕಿ ಹರಿದ ರಭಸಕ್ಕೆ ಓಣಿಯ ಕೋಳಿಗಳೆಲ್ಲ ಈಜು ಕಲಿತವು. ಹೊಸ ಎಣ್ಣೆ ಕಾಯಿತು. ಅಷ್ಟರಲ್ಲಿ ಶಿವಕಾಂತಮ್ಮನ ಕೈ ತಾನಾಗಿಯೇ ತುಪ್ಪದ ಚಮಚ ಎತ್ತಿತ್ತು.

"ಏ, ಕೈ ತಡಿ!" ಎಂದು ಚಂದ್ರಾಬಾಯಿ ಅವಳ ಮಣಿಕಟ್ಟನ್ನೇ ಹಿಡಿದಳು.

ಶಿವಕಾಂತಮ್ಮ ಕಡಾಯಿ ನೋಡಿದಳು, ಚಮಚ ನೋಡಿದಳು. ಅತ್ತೆಯನ್ನು ನೆನೆದಳು. ನಂತರ ಅಂಗಳಕ್ಕೆ ನಡೆದು, ಮನೆಯ ಸಣ್ಣ ಕಡಾಯಿಯನ್ನು ಬೇರೆ ಒಲೆಗೇರಿಸಿ, ತುಪ್ಪವನ್ನು ಅದರ ಎಣ್ಣೆಗೆ ಬಿಟ್ಟಳು.

"ಮೊದಲ ಪಾಲು ಇಲ್ಲೇ ಇರಲಿ. ಇದು ಊರವರಿಗೆ, ದೊಡ್ಡದು ಸಮುದ್ರದಾಚಿಗೆ."

ಎರಡೂ ಕಡೆ ಕರಿದು ಮುಗಿದ ಮೇಲೆ ಪೇಣಕರ್ ವರದಿಗೆ ಸಹಿ ಹಾಕಿ, ಅಂಗಳಕ್ಕೆ ಬಂದು, ಸಣ್ಣ ಕಡಾಯಿಯಿಂದ ತೆಗೆದಿಟ್ಟ ಚಿಪ್ಸ್‌ಗೇ ಕೈ ಹಾಕಿದ.

"ಸಾಹೇಬ್ರ, ಅದರಾಗ ತುಪ್ಪ ಅದರಿ!" ಎಂದಳು ಶಿವಕಾಂತಮ್ಮ.

ಅವನ ಉತ್ತರ ಕೇಳಿ ಚಂದ್ರಾಬಾಯಿ ನಕ್ಕಳು. "ಇವತ್ತು ಮಾಂಸ ಉಂಡಿಲ್ಲಂತ. ಇನ್ನೊಂದು ಹಿಡಿ ಹಾಕು ಅನ್ನಾಕತ್ತಾರ."