ಕಡಿದಾಗಿದೆ

ಸ್ಮಶಾನದ ಕಚೇರಿಯಲ್ಲಿ ಮೊದಲಿದ್ದ ಗುಮಾಸ್ತ, ಪುಣ್ಯಾತ್ಮ, ಸಮಾಧಿಗಳನ್ನೂ ಮರಗಳನ್ನೂ ಕಂಪ್ಯೂಟರಿನ ಒಂದೇ ಫೈಲಿಗೆ ತುರುಕಿದ್ದ. ಮರಕ್ಕಾದರೆ ಕೊನೆಯ ಖಾನೆಯಲ್ಲಿ ಅದರ ಸ್ಥಿತಿ. ಸಮಾಧಿಗಾದರೆ ಅದೇ ಖಾನೆಯಲ್ಲಿ ಅದಿರುವ ಜಾಗ. ಇದು ಗೊತ್ತಿಲ್ಲದೆ ಹೊಸ ಗುಮಾಸ್ತೆ, ಕಡಿದ ಮರಗಳನ್ನು ದಾಖಲಿಸಲು ಹೋಗಿ, ನೂರರಿಂದ ಇನ್ನೂರರವರೆಗಿನ ನಂಬರುಗಳಿಗೆಲ್ಲ ಒಂದೇ ಏಟಿಗೆ ‘ಕಡಿದಾಗಿದೆ’ ಎಂದು ತುಂಬಿಬಿಟ್ಟಳು; ಆ ನಂಬರಿನ ಸಮಾಧಿಗಳ ಜಾಗವೂ ಅಳಿಸಿಹೋಯಿತು. ಹಳೆಯ ಫೈಲಿನ ಪ್ರತಿ ಯಾರೂ ಇಟ್ಟಿರಲಿಲ್ಲ.

ಮರುದಿನ ಅಜ್ಜಿಯೊಬ್ಬರು ಚೀಟಿ ಚಾಚಿದರು. “ನೂರಾ ನಲವತ್ತು. ನಮ್ಮ ಯಜಮಾನ್ರು. ಎಲ್ಲಿದ್ದಾರೆ ನೋಡಮ್ಮ, ಈಗಲಾದ್ರೂ ಒಂದು ಕಲ್ಲು ಹಾಕಿಸ್ತೀನಿ.”

ಗುಮಾಸ್ತೆ ನೂರಾ ನಲವತ್ತರ ಸಾಲು ತೆರೆದಳು: ‘ಕಡಿದಾಗಿದೆ’. ಕಿಟಕಿಯಾಚೆ ಹುಲ್ಲು ಒಂದೇ ಸಮನಾಗಿ ಹಬ್ಬಿತ್ತು.

“ಸಿಗ್ತಿಲ್ಲ ಅಜ್ಜಿ.”

“ನಿಧಾನಕ್ಕೆ ಹುಡುಕು. ಅವರು ಎದ್ದು ಎಲ್ಲಿಗೆ ಹೋಗ್ತಾರೆ?” ಎಂದು ನಕ್ಕು, ಅಜ್ಜಿ ಬೆಂಚಿನ ಮೇಲೆ ಕಾಲು ಚಾಚಿ ಕೂತರು.