ಗುರುಗಳು ಬರೆದ ಹಾಗೆಯೇ

ಶವಪೆಟ್ಟಿಗೆಯನ್ನು ದೋಣಿಯಿಂದ ಮೆಟ್ಟಿಲಿಗೆ ಎತ್ತುವಾಗ ಒಬ್ಬನ ಕಾಲು ಜಾರಿತು. ಪೆಟ್ಟಿಗೆ ಕಲ್ಲಿಗೆ ಬಡಿಯಿತು.

"ಅಪಶಕುನ ಕಣ್ರೋ!" ಮೀನು ಮಾರುವ ಓರ್ಸೋಲಾ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಳು. "ತಾಳ ತಪ್ಪಿದ್ರೆ ಗುರುಗಳು ಎದ್ದು ಬೈತಾರೆ ನೋಡ್ತಿರಿ."

"ತಾಳ ಇತ್ತು ಬಿಡಮ್ಮ. ಕೊನೆಗಾಲದಲ್ಲಿ ಹಾಡೇ ನೆಲಕಚ್ತು," ಎಂದ ಕೃತಕ ಕೂದಲಿನ ಟೋಪನ್ ಕಟ್ಟುವ ಬೋರ್ತೋಲೋ. ಹೆಣದ ಮುಂದಾದರೂ ನಾಲಿಗೆ ಬಿಗಿಹಿಡಿಯುವ ಬುದ್ಧಿ ಅವನಿಗಿರಲಿಲ್ಲ.

ವೆನಿಸ್ಸಿನ ಕಾಲುವೆಗಳ ಮೇಲೆ ಮಂಜು ಕದಲದೆ ಕೂತಿತ್ತು. ಅನಾಥಾಲಯದ ಹೆಣ್ಣುಮಕ್ಕಳಿಗೆ ಹಾಡು ಕಟ್ಟಿ ಕಲಿಸುತ್ತಲೇ ಮುದುಕರಾದ ಗುರು ಝಕ್ಕಾರಿಯಾ ಬೊವೊಲೆಂತಾ ಇನ್ನಿಲ್ಲ.

ಅನಾಥಾಲಯದ ಇಗರ್ಜಿಯ ಮಾಳಿಗೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ಅಪೊಲ್ಲೋನಿಯಾ ನಿಂತಿದ್ದಳು. ಅಲ್ಲೇ ಬೆಳೆದ ಮುಖ್ಯ ಗಾಯಕಿ. ಅವಳ ಮುಖ ಊರಿಗೆ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ಹೊಸ ಗುರು ಮೆಲ್ಕಿಯೋರ್ರೆ ಹಳದಿಗಟ್ಟಿದ ಹಾಳೆಗಳನ್ನು ಹಿಡಿದು ಬಂದ.

"ಗುರುಗಳ ಪ್ರಾರ್ಥನೆಯ ಮೊದಲ್ನೇ ಪ್ರತಿ ಸಿಕ್ತು! ನೀವು ಈಗ ಹಾಡೋದಕ್ಕಿಂತ ಎಷ್ಟೋ ಎತ್ತರದ ಶ್ರುತಿ. ಅವ್ರು ಬರೆದ ಹಾಗೇನೇ ಹಾಡಿ ಕಳಿಸ್ಕೊಡೋಣ. ಆಡ್ಕೊಳ್ಳೋ ಬಾಯಿಗಳು ಮುಚ್ಲಿ."

ಆರ್ಗನ್ ವಾದ್ಯ ನುಡಿಸಲು ಕೂತಿದ್ದ ಜೆಲ್ಟ್ರೂಡೆ ಬಿಳಿಚಿಕೊಂಡಳು. "ರೂಢಿ ಇರೋದೇ ಇರ್ಲಿ ಗುರುಗಳೇ."

"ಯಾಕೆ, ಆಗಲ್ವಾ?"

ದನಿ ಹೋದವಳಿಗೆ ಜಾಲರಿಯ ಹಿಂದೆ ಜಾಗವಿಲ್ಲ. ಕೆಳಗೆ ಬಟ್ಟೆ ಒಗೆಯುವ ಕತ್ತಲೆಕೋಣೆಯೇ ಗತಿ. ಅಲ್ಲಿಗೆ ಇಳಿದವರಾರೂ ಮತ್ತೆ ಹಾಡಿದ್ದಿಲ್ಲ.

"ಆಗುತ್ತೆ," ಎಂದಳು ಅಪೊಲ್ಲೋನಿಯಾ.

"ಯಾವುದಕ್ಕೂ ಝನೆತ್ತಾ ನಿಮ್ಮ ಹಿಂದೆ ನಿಂತಿರ್ತಾಳೆ. ಎಳೇ ದನಿ, ನಿಮ್ದು ತಪ್ಪಿದ್ರೆ ಎತ್ಕೊಳ್ತಾಳೆ," ಎಂದು ಮೆಲ್ಕಿಯೋರ್ರೆ ನಕ್ಕ.

*

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಪಾಠದಲ್ಲಿ ಅಪೊಲ್ಲೋನಿಯಾಳ ಮೇಲಿನ ಸ್ವರ ಒಡೆದಿತ್ತು. ಅವಳು ಬಿಕ್ಕಿ ಅತ್ತಳು. ಬೊವೊಲೆಂತಾ ನಶ್ಯ ಏರಿಸಿ, ಹುರಿದ ಮೀನಿನ ಜಿಡ್ಡಿದ್ದ ಬೆರಳಲ್ಲೇ ಲೇಖನಿ ಹಿಡಿದರು.

"ಅಳ್ಬೇಡ್ವೇ ಹುಚ್ಚಿ. ಗೂಟ ಎಟುಕದಿದ್ರೆ ಗೂಟಾನೇ ಕೆಳಗೆ ಹೊಡೆದ್ರಾಯ್ತು."

ಅಂದಿನಿಂದ ಪ್ರತಿ ಹಾಡನ್ನೂ ಅವಳಿಗಾಗಿ ಅಷ್ಟಷ್ಟೇ ಇಳಿಸುತ್ತ ಬಂದರು. ಜೆಲ್ಟ್ರೂಡೆಯನ್ನು ಬಿಟ್ಟರೆ ಯಾರಿಗೂ ಸುಳಿವು ಹತ್ತಲಿಲ್ಲ. ಮುದುಕನ ಸಂಗೀತ ಮಂಕಾಯಿತು ಎಂದು ಊರು ಆಡಿಕೊಂಡಿತು. ಗುರುಗಳು ತುಟಿ ಬಿಚ್ಚಲಿಲ್ಲ.

*

ಹಾಡು ಏರತೊಡಗಿತು. ಕೆಳಗೆ ಬೋರ್ತೋಲೋ ತಲೆ ಎತ್ತಿದ. "ಅಬ್ಬಾ! ಇದಪ್ಪಾ ಬೊವೊಲೆಂತಾ!"

ಅಪೊಲ್ಲೋನಿಯಾಗೆ ಅದು ಕೇಳಿಸಿತು. ಸಂತೋಷದಿಂದ ಅವಳ ಕಣ್ಣು ತುಂಬಿತು. ಜೆಲ್ಟ್ರೂಡೆ, ಅಂದು ಒಡೆದಿದ್ದ ಆ ಮೇಲಿನ ಸ್ವರದ ಹೊಸ್ತಿಲಲ್ಲಿ ಆರ್ಗನ್ನನ್ನು ಎಷ್ಟು ಹೊತ್ತು ನಿಲ್ಲಿಸಬಹುದೋ ಅಷ್ಟು ಹೊತ್ತು ನಿಲ್ಲಿಸಿದಳು.

ಅಪೊಲ್ಲೋನಿಯಾ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದಳು. ಅವಳ ಕತ್ತಿನ ಹಿಂದೆ ಝನೆತ್ತಾ ಉಸಿರೆಳೆದುಕೊಂಡಳು.